ಚೌಡಯ್ಯ ಪಟ್ಟಿ ಬಿಗಿದ ಸೈಲೆನ್ಸರು

ಮಳವಳ್ಳಿ ಪೇಟೆಯಲ್ಲಿ ಪಾತ್ರೆಗೆ ಕಲಾಯಿ ಹಾಕುತ್ತಿದ್ದ ಅಕ್ರಂ ಪಾಷಾನ ಕೈ ಎಂಥದೆಂದರೆ, ಅವನು ತಿಕ್ಕಿಕೊಟ್ಟ ಕೊಳಗದ ಹೊಳಪಿಗೆ ಹುಂಜಗಳು ನಡುಮಧ್ಯಾಹ್ನ ಎರಡನೆಯ ಸಲ ಕೂಗುತ್ತಿದ್ದವು. ಅವನು ತವರ ಕಾಸಿ ಬೆಸೆದದ್ದನ್ನು ಬಿಡಿಸಲು ಹೋಗಿ ಮೂರು ಆನೆಗಳು ಸೋತಿದ್ದವೆಂದು ಅವನೇ ಹೇಳುತ್ತಿದ್ದ. ಆನೆಗಳು ಇಲ್ಲವೆನ್ನಲಿಲ್ಲ.

ಯುದ್ಧ ಮುಗಿದ ಮರುವರ್ಷ ದನದ ಡಾಕ್ಟರು ರಾಮಲಿಂಗಯ್ಯನವರ ಮೋಟಾರು ಸೈಕಲ್ಲಿನ ಸೈಲೆನ್ಸರು ಬೆಳಕವಾಡಿ ದಾರಿಯಲ್ಲಿ ಕಳಚಿಬಿದ್ದು, ಕಬ್ಬಿನ ಗಾಡಿಯ ಚಕ್ರಕ್ಕೆ ಸಿಕ್ಕಿ ಹಪ್ಪಳವಾಯಿತು. ಸೈಲೆನ್ಸರಿಲ್ಲದ ಆ ಮೋಟಾರು ಸೈಕಲ್ಲು ಬೆಳಕವಾಡಿಯೊಳಕ್ಕೆ ನುಗ್ಗಿದ ಸದ್ದಿಗೆ, ಸೂಜಿಮದ್ದಿಗೆಂದು ತೋಪಿನಲ್ಲಿ ಕಟ್ಟಿದ್ದ ನೂರೆಂಬತ್ತು ದನಗಳೂ ಗೂಟ ಕಿತ್ತವು. ಒಂದು ಹೋರಿ ಕಾವೇರಿ ದಾಟಿ ಕೊಳ್ಳೇಗಾಲದ ಸಂತೆಗೆ ಹೋಗಿ ತನ್ನನ್ನು ತಾನೇ ಮಾರಿಕೊಂಡಿತು. ಮಿಕ್ಕವನ್ನು ಹಿಡಿದು ತರುವಷ್ಟರಲ್ಲಿ ಮದ್ದನ್ನು ತಣ್ಣಗಿಟ್ಟಿದ್ದ ಐಸು ಕರಗಿ ಮದ್ದು ಕೆಟ್ಟಿತ್ತು. ಕೊಟ್ಟಿಗೆಗೆ ಕೊಟ್ಟಿಗೆಯನ್ನೇ ಬರಿದು ಮಾಡುವ ದನಗಳ ದೊಡ್ಡರೋಗವೋ ಪಕ್ಕದೂರಿಗೆ ಬಂದು ಕೂತಿತ್ತು.

ಬೆಳಕವಾಡಿಯ ಪಟೇಲ ಕೆಂಪಸಿದ್ದಯ್ಯ ಖಡಾಖಂಡಿತವಾಗಿ ಹೇಳಿಬಿಟ್ಟ: "ಬುದುವಾರ ಇನ್ನೊಂದ್ ಸಲ ಕಟ್ಟುಸ್ತೀನಿ ಸ್ವಾಮಿ. ಆ ಪಿರಂಗಿ ಸದ್ದು ಕೇಳುಸ್ತೋ, ನಿಮ್ ಸೂಜಿನೂ ಬ್ಯಾಡ, ನೀವೂ ಬ್ಯಾಡ."

ಆ ದನಗಳಲ್ಲಿ ಪಾಷಾನ ಎರಡು ಎತ್ತುಗಳೂ ಇದ್ದವು. ಅವನ ಮನೆ ಬೆಳಕವಾಡಿಯಲ್ಲೇ. ತಿದಿ, ಇದ್ದಲು ಹೇರಿಕೊಂಡು ಅವನು ಊರೂರು ಸುತ್ತುತ್ತಿದ್ದುದು ಅವುಗಳ ಹೆಗಲ ಮೇಲೆ. ಹಾಗಾಗಿ ಡಾಕ್ಟರು ಹಳೇ ಸಾಮಾನಿನ ಅಂಗಡಿಯಿಂದ ಬೇರೊಂದು ಸೈಲೆನ್ಸರು ತಂದಾಗ, "ನಂಗ್ ಬುಡಿ ಸ್ವಾಮಿ, ಬೆಂಕಿ ನನ್ ಮನೆ ನಾಯಿ ಇದ್ದಂಗೆ" ಎಂದು ಪಾಷಾ ಕಸಿದುಕೊಂಡ. ಇಂಜಿನ್ನಿನ ಹೊಗೆ ಕೊಳವೆಗೂ ಸೈಲೆನ್ಸರಿನ ಬಾಯಿಗೂ ಮುಕ್ಕಾಲು ಸೇರು ತವರ ಸುರಿದು ಬೆಸೆದ.

ಬುಧವಾರ ಬೆಳಿಗ್ಗೆ ಮೈಸೂರು ಬಸ್ಸಿನಲ್ಲಿ ಐಸು ಬಂತು. ಡಾಕ್ಟರು ಮುಂದೆ, ಮದ್ದಿನ ಪೆಟ್ಟಿಗೆ ತಬ್ಬಿಕೊಂಡು ಪಾಷಾ ಹಿಂದೆ. ಕೆರೆ ಏರಿ ದಾಟುವಾಗ ಪಾಷಾನಿಗೆ ಪಾದದ ಹತ್ತಿರ ಮಳೆ ಹನಿದಂತಾಯಿತು. ಬಗ್ಗಿ ನೋಡಿದರೆ ತವರ. ಸೈಲೆನ್ಸರು ಕಳಚಿ ಉರುಳಿತು. ಕಾದ ಕೊಳವೆಗೆ ಅವನ ಮೀನಖಂಡ ತಗುಲಿತು. ಅವನು ಹಾಕಿದ ಕೂಗಿಗೆ ಮದ್ದೂರಿನಲ್ಲಿ ರೈಲು ನಿಂತಿತು.

"ತವರ ಕರಗುತ್ತೆ ಅಂತ ಕಲಾಯಿಯವನಿಗೆ ನಾನು ಹೇಳಬೇಕೇನಪ್ಪ?" ಎಂದರು ಡಾಕ್ಟರು.

"ಸಾರಿನ್ ಪಾತ್ರೆ ಕಾದಷ್ಟು ಕಾಯ್ತದೆ ಅಂದ್ಕಂಡಿದ್ದೆ ಸ್ವಾಮಿ. ಇದ್ರೊಳಗೆ ಸಾರೇ ಇಲ್ಲ!"

ಡಾಕ್ಟರು ಪೆಟ್ಟಿಗೆ ತೆರೆದರು. ಐಸು ತೆಂಗಿನಕಾಯಿ ಗಾತ್ರಕ್ಕೆ ಇಳಿದಿತ್ತು. ಬೆಳಕವಾಡಿಗೆ ಬಸ್ಸು ಸಂಜೆಗೆ. ಇನ್ನು ಉಳಿದದ್ದು ಪಾಷಾನ ಅಂಗಡಿಯ ಎದುರಿನ ಚೌಡಯ್ಯ, ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕಟ್ಟುವ ಕಮ್ಮಾರ. ತವರ ಮೇಲೋ ಕಬ್ಬಿಣ ಮೇಲೋ ಎಂಬ ಜಗಳದಲ್ಲಿ ಪಾಷಾನೂ ಅವನೂ ಮಾತು ಬಿಟ್ಟು ಹನ್ನೊಂದು ವರ್ಷ. ಉರುಳಿದ ಸೈಲೆನ್ಸರು ಎತ್ತಿಕೊಂಡು, ಗಾಡಿ ತಳ್ಳಿಕೊಂಡು ಡಾಕ್ಟರೂ ಪಾಷಾನೂ ಪೇಟೆಗೆ ಮರಳಿದರು. ನಡುವಿನ ಬೀದಿ ದಾಟಲು ಪಾಷಾನಿಗೆ ಕಾಶಿಗೆ ಹೋಗಿಬರುವಷ್ಟು ಹೊತ್ತು ಹಿಡಿಯಿತು. ಕುಂಟುತ್ತ ಹೋದವನು ಚೌಡಯ್ಯನನ್ನು ಬಿಟ್ಟು ಅವನು ಕಬ್ಬಿಣ ಬಡಿಯುವ ಅಡಿಗಲ್ಲಿಗೆ ಹೇಳಿದ: "ಅಡಿಗಲ್ಲಪ್ಪಾ, ಇದ್ನ ಕೂರ್ಸಕ್ ಆಯ್ತದಾ ಕೇಳು ನಿನ್ ಯಜಮಾನನ್ನ."

"ಅಡಿಗಲ್ಲೇ," ಎಂದ ಚೌಡಯ್ಯ, "ತವರ ಏನ್ ಮಾಡ್ತೂ ಅಂತ ಕೇಳು."

ಪಾಷಾ ಡಾಕ್ಟರ ಪೆಟ್ಟಿಗೆಯತ್ತ ನೋಡಿದ. ಹನಿ ತೊಟ್ಟಿಕ್ಕುತ್ತಿತ್ತು.

"ಕರಗೋಯ್ತು ಕಣ್ಲಾ ಚೌಡ. ನನ್ ಎತ್ತು ಸತ್ತೋಯ್ತವೆ."

ಚೌಡಯ್ಯ ಇದ್ದಲಿಗೆ ತಿದಿ ಒತ್ತಿದ. ಸೈಲೆನ್ಸರಿನ ಬಾಯನ್ನು ನಾಲ್ಕು ಕಡೆ ಸೀಳಿ ಕೊಳವೆಗೆ ತೊಡಿಸಿದ. ಬೆರಳಗಲದ ಕಬ್ಬಿಣದ ಬಳೆ ಬಡಿದ, ಬೇಕಾದ್ದಕ್ಕಿಂತ ಕೂದಲೆಳೆ ಚಿಕ್ಕದಾಗಿ. ಪೆಟ್ರೋಲು ಟ್ಯಾಂಕಿಗೆ ಒದ್ದೆ ಗೋಣಿ ಹೊದಿಸಿ, ಬಳೆಯನ್ನು ಕೆಂಪಗೆ ಕಾಸಿ, ಇಕ್ಕಳದಲ್ಲಿ ಹಿಡಿದು ಬಾಯಿಯ ಮೇಲೆ ಜಾರಿಸಿದ. ಪಾಷಾ ನೀರು ಹೊಯ್ದ. ಎದ್ದ ಹಬೆಗೆ ಪೇಟೆಯಲ್ಲಿ ಅರ್ಧ ಗಂಟೆ ಯಾರಿಗೂ ಯಾರೂ ಕಾಣಲಿಲ್ಲ. ಹಬೆ ಇಳಿದಾಗ ಬಳೆ ಕಚ್ಚಿಕೊಂಡಿತ್ತು.

"ಕಾದ್ರೆ ಇದೂ ಸಡ್ಲ ಆಗಕಿಲ್ವಾ?" ಎಂದ ಪಾಷಾ.

"ಕೊಳವೆ ಒಳಗಿಂದ ಕಾದು ಉಬ್ತದೆ. ಬಳೆ ಗಾಳೀಲಿರ್ತದೆ, ಅಷ್ಟ್ ಕಾಯಕಿಲ್ಲ. ಓಡ್ದಷ್ಟೂ ಬಿಗೀತದೆ, ಓಗ್ಲಾ!"

ಡಾಕ್ಟರು ಗಾಡಿಯನ್ನು ಎಷ್ಟು ಜೋರಾಗಿ ಓಡಿಸಿದರೆಂದರೆ ಅವರ ನೆರಳು ಬೆಳಕವಾಡಿಗೆ ಕಾಲುಗಂಟೆ ತಡವಾಗಿ ಬಂತು. ಕಾಲು ಅಗಲಿಸಿ ಕೂತಿದ್ದ ಪಾಷಾ ದಾರಿಯುದ್ದಕ್ಕೂ ಬಳೆಯ ಮೇಲಿಂದ ಕಣ್ಣು ತೆಗೆಯಲಿಲ್ಲ. ತೋಪಿನಲ್ಲಿ ದನಗಳು ತಲೆಯೆತ್ತಿ ನೋಡಿ ಮೆಲುಕು ಮುಂದುವರಿಸಿದವು.

ಸೂಜಿ ಸಾಲಿನ ಕೊನೆಗೆ ಬರುವಾಗ ಐಸು ನಿಂಬೆಹಣ್ಣಿನಷ್ಟಿತ್ತು. ಪಾಷಾನ ಎಡಗಡೆ ಎತ್ತಿಗೆ ಚುಚ್ಚಿದರು. ಬಲಗಡೆಯದಕ್ಕೆ ಮದ್ದು ಎಳೆಯುವಾಗ ಡಾಕ್ಟರು ಪೆಟ್ಟಿಗೆಯೊಳಗೆ ಬೆರಳಿಟ್ಟು ನೋಡಿದರು; ಪಾಷಾ ಎತ್ತಿನ ಕೊರಳು ತಬ್ಬಿದ.

"ತಣ್ಣಗಿದೆ" ಎಂದು ಅದಕ್ಕೂ ಚುಚ್ಚಿದರು.

"ಭೇಸ್ ಕಣ್ಲಾ ಪಾಸಾ!" ಎಂದ ಕೆಂಪಸಿದ್ದಯ್ಯ. "ಎಂಗ್ ಕೂರ್ಸಿದ್ಲಾ ಅದ್ನ?"

"ನಾನಲ್ಲ ಪಟೇಲ್ರೇ. ಚೌಡಯ್ಯ."

ಅಕ್ರಂ ಪಾಷಾ ಹೇಳಿದ್ದನ್ನು ಬೆಳಕವಾಡಿಯವರು ನಂಬದೆಹೋದದ್ದು ಅದೇ ಮೊದಲು.