ಹೂಚಕ್ರದ ಮೇಲಿನ ಹೆಸರು

ಹೂಚಕ್ರಕ್ಕೆ ಕಟ್ಟಿದ್ದ ಬಿಳಿ ಪಟ್ಟಿಯನ್ನು ಓದಿದ ಕೂಡಲೇ ಲುವಾಳ ಕೈಯಿಂದ ಊದುಬತ್ತಿಯ ಕಟ್ಟು ಜಾರಿ ಬಿತ್ತು. ನೇರಳೆ ಶಾಯಿ ಇನ್ನೂ ಪೂರ್ತಿ ಒಣಗಿರಲಿಲ್ಲ. ‘ಭರತದ ಹೊತ್ತು’ ಬ್ಲಾಗಿನ ಓದುಗರಿಂದ ಕೊನೆಯ ನಮಸ್ಕಾರ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು.

“ಇದನ್ನ ತಂದಿದ್ದು ನೀನಾ?”

“ಹೌದು ಅಕ್ಕ,” ಎಂದಳು ಎದುರಿಗಿದ್ದ ಹೆಂಗಸು. ಅಪರಿಚಿತ ಮುಖ, ನಲವತ್ತರ ಆಸುಪಾಸು. “ನನ್ ಹೆಸರು ದಿಯೆಪ್. ಕಾನ್‌ಥೋ ಪೇಟೇಲಿ ಬಟ್ಟೆ ಹೊಲೀತೀನಿ. ಏಳು ವರ್ಷದಿಂದ ನಿಮ್ಮ ಯಜಮಾನರ ಬ್ಲಾಗ್...”

“ಮೆಲ್ಲಗೆ ಮಾತಾಡು, ನಿನ್ನ ದಮ್ಮಯ್ಯ!” ಲುವಾ ಅವಳ ರಟ್ಟೆ ಹಿಡಿದು ಕಂಬದ ಮರೆಗೆ ಎಳೆದಳು.

ಹತ್ತೇ ಮಾರು ಆಚೆ, ಚಪ್ಪರದ ಕೆಳಗೆ, ಮರಳಿನ ಸಾಂಗ್ ಕಾಲ ಮೇಲೆ ಕಾಲು ಹಾಕಿಕೊಂಡು ಕಲ್ಲಂಗಡಿ ಬೀಜ ಒಡೆಯುತ್ತಿದ್ದ. ನದಿಯ ತಳದಿಂದ ಮರಳೆತ್ತುವ ಏಳು ದೋಣಿಗಳ ಧಣಿ. ಇವತ್ತು ಹೆಣದ ಪೆಟ್ಟಿಗೆ ಸಾಗಿಸುವುದಕ್ಕೆ ದೋಣಿ ಕೊಟ್ಟವನೂ ಅವನೇ. ಈ ದಂಡೆಯಲ್ಲಿ ಯಾರು ಸತ್ತರೂ ಪುಕ್ಕಟೆ ದೋಣಿ ಕೊಡುವ ಧಾರಾಳಿ. ಬದುಕಿದ್ದವರ ಹಿತ್ತಿಲನ್ನು ಮಾತ್ರ ನದಿಗೆ ಕೊಡುತ್ತಿದ್ದ.

“ಮನೆ ಹೇಗೆ ಸಿಕ್ತು ನಿಂಗೆ? ಅವರು ಎಲ್ಲೂ ಹೆಸರು ಬರ್ದಿರಲಿಲ್ಲ.”

“ಹೆಸರು ಯಾಕೆ ಬೇಕು ಅಕ್ಕ? ಉಪ್ಪಿನಕಾಯಿ ಹಾಕೋ ಒಬ್ಬಳ ಬ್ಲಾಗ್ ಓದ್ತಿದ್ದೆ. ‘ನಾನು ಹೋಗಿಬರೋ ಮನೆಗಳು’ ಅಂತ ತಾನು ಓದೋ ಬ್ಲಾಗುಗಳ ಪಟ್ಟಿ ಹಾಕಿದ್ಲು, ಅದರ ಕೊನೇಲಿ ಇವರದ್ದಿತ್ತು. ಆಮೇಲೆ ಬಿಡಲೇ ಇಲ್ಲ. ಶುರುವಿನ ಬರಹಗಳಲ್ಲಿದ್ದ ನೀಲಿ ಗೇಟು, ಎರಡು ನೀರಿನ ಜಾಡಿ, ನದಿ ಕಡೆ ವಾಲಿದ ಹಲಸಿನ ಮರ, ಎಲ್ಲ ಬಾಯಿಪಾಠ. ಏನೂ ಹೇಳದೆ ಮೂರು ವಾರ ಸುಮ್ಮನಾದ್ರು. ಜೀವ ತಡೀಲಿಲ್ಲ, ಹುಡುಕ್ಕೊಂಡು ಬಂದೆ. ದೋಣಿ ಕಡವಿನ ಹತ್ರ ಕೇಳಿದ್ರೆ, ನೀಲಿ ಗೇಟಿನ ಮನೇಲಿ ಇವತ್ತು ಹೆಣ ಎತ್ತೋದು ಅಂದ್ರು. ಹೂವಿನಂಗಡೀಲಿ ಕುಂಚ ಇಸ್ಕೊಂಡು ನಾನೇ ಬರ್ದೆ. ತಪ್ಪಾಯ್ತಾ ಅಕ್ಕ?”

ಲುವಾ ಕಂಬದ ಮರೆಯಿಂದ ಸಾಂಗ್‌ನ ಕಡೆ ನೋಡಿದಳು. ಎಲ್ಲಿಂದಲೋ ಬಂದ ದರ್ಜಿಗೆ ಈ ಗೇಟು ಸಿಕ್ಕಿತೆಂದರೆ, ಇದೇ ದಂಡೆಯವನಿಗೆ ಸಿಗುವುದಕ್ಕೆ ಎಷ್ಟು ಹೊತ್ತು?

* * *

ಲುವಾಳ ಗಂಡ ತೋವಾನ್ ನೀರಿನ ಮೀಟರು ನೋಡುವವನು. ಇಪ್ಪತ್ತಾರು ವರ್ಷ, ತಿಂಗಳಿಗೊಮ್ಮೆ ನಾನೂರು ಮನೆ. ಜಗತ್ತಿನ ಕಣ್ಣಿಗೆ ಅವನು ಬಗ್ಗಿದ ಬೆನ್ನು ಮತ್ತು ಒಂದು ಟಾರ್ಚು, ಅಷ್ಟೆ. ರಜೆಯ ದಿನ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಬ್ಲಾಗು ಬರೆಯುತ್ತಿದ್ದ. ನದಿ ಉಬ್ಬುವುದಕ್ಕೆ ಇಲ್ಲಿ ಭರತ ಎನ್ನುತ್ತಾರೆ, ಬ್ಲಾಗಿಗೂ ಅದೇ ಹೆಸರು. ಯಾರ ಮನೆಯ ನೀರು ಉಪ್ಪಾಯಿತು, ಯಾರ ನಾಯಿ ಮರಿ ಹಾಕಿತು, ದಂಡೆ ಎಷ್ಟು ಮೊಳ ಕುಸಿಯಿತು. ಕೊನೆಗೆ, ಸಾಂಗ್‌ನ ಯಾವ ದೋಣಿ ಎಲ್ಲಿ ಕದ್ದು ಮರಳೆತ್ತಿತು ಎಂಬುದೂ ಬಂತು.

ಊರಿನಲ್ಲಿ ಬರೆಯಬಲ್ಲವರೆಂದರೆ ಶಾಲೆಯ ಮೇಷ್ಟ್ರು ಹುಂಗ್ ಎಂದು ಸಾಂಗ್ ಲೆಕ್ಕ ಹಾಕಿದ. ಅವನ ಆಳುಗಳು ಮೇಷ್ಟ್ರ ಬಲಗೈ ಮುರಿದರು. ಮೀಟರಿನವನೊಬ್ಬ ಬರೆಯಬಹುದು ಎಂದು ಅವನಿಗೆ ಹೊಳೆಯಲೇ ಇಲ್ಲ.

“ನಿಲ್ಲಿಸಿಬಿಡಿ,” ಎಂದು ಲುವಾ ಅವತ್ತು ಗಂಡನ ಕಾಲು ಹಿಡಿದಿದ್ದಳು.

ಮೂರು ದಿನದಿಂದ ಅನ್ನ ಮುಟ್ಟದಿದ್ದ ತೋವಾನ್ ಆಗುವುದಿಲ್ಲವೆಂದು ತಲೆಯಾಡಿಸಿದ. “ಈಗ ನಿಲ್ಲಿಸಿದ್ರೆ ಮೇಷ್ಟ್ರೇ ಬರೀತಿದ್ದಿದ್ದು ಅಂತ ಖಾತ್ರಿ ಆಗೋಗತ್ತೆ ಕಣೇ. ಅವರ ಕೈ ಕಟ್ಟು ಬಿಚ್ಚೋಕೆ ಮುಂಚೆ ಇನ್ನೊಂದು ಬರಹ ಬರ್ಬೇಕು.”

ಬಂತು. ಸಾಂಗ್ ತನ್ನ ಫೋನಿನಲ್ಲಿ, ಹೊಸ ಬರಹ ಬಂದ ಕೂಡಲೇ ಟಿಣ್ ಎನ್ನುವಂತೆ ಮಾಡಿಟ್ಟುಕೊಂಡ. ಅಷ್ಟು ನಿಷ್ಠೆಯ ಓದುಗ ತೋವಾನನಿಗೆ ಇನ್ನೊಬ್ಬ ಇರಲಿಲ್ಲ.

ಆಸ್ಪತ್ರೆಯಲ್ಲಿ ಉಸಿರಿಗೆ ನಳಿಕೆ ಹಾಕುವ ಮುಂಚೆ ತೋವಾನ್ ತನ್ನ ಫೋನನ್ನು ಹೆಂಡತಿಯ ಕೈಗಿಟ್ಟ. “ಇಲ್ಲಿ ಬರೆಯೋದು, ಇಲ್ಲಿ ಒತ್ತಿದ್ರೆ ಹೋಗತ್ತೆ.” ಅವಳು ಬೇಡವೆಂದು ಮುಖ ತಿರುಗಿಸಿದ್ದಳು. ಆದರೂ ಆ ಫೋನು ಅವತ್ತಿನಿಂದ ಅವಳ ಸೊಂಟದ ಚೀಲದಲ್ಲೇ ಇತ್ತು.

* * *

ಚಪ್ಪರದಲ್ಲಿ ಮೈಕು ಕೀಚ್ ಎಂದಿತು. ಪೆಟ್ಟಿಗೆ ಎತ್ತುವ ಮುಂಚೆ ವಿಧಿ ನಡೆಸುವ ಹಿರಿಯರು ಪ್ರತಿ ಹೂಚಕ್ರದ ಪಟ್ಟಿಯನ್ನೂ ಗಟ್ಟಿಯಾಗಿ ಓದಬೇಕು. ಸತ್ತವನಿಗೆ ಯಾರು ಬಂದಿದ್ದರು ಎಂದು ತಿಳಿಯಬೇಕಲ್ಲ. ಲುವಾ ಮಗಳು ಥೂಯ್‌ಳನ್ನು ನೋಡಿದಳು. ಹತ್ತೊಂಬತ್ತರ ಹುಡುಗಿ, ಎರಡು ಕೈಯಲ್ಲೂ ಅಪ್ಪನ ಪಟ ಹಿಡಿದು ನಿಂತಿದ್ದಳು. ಆ ಕೈಗಳು ಲುವಾಳ ಕಣ್ಣಿಗೆ ಬಹಳ ತೆಳ್ಳಗೆ ಕಂಡವು.

ಲುವಾ ದಿಯೆಪ್ ತಂದ ಹೂಚಕ್ರದ ಪಟ್ಟಿಯನ್ನು ಕಿತ್ತು, ಮಡಚಿ, ಹಣೆಗೆ ಕಟ್ಟಿದ್ದ ಸೂತಕದ ಬಿಳಿ ಬಟ್ಟೆಯ ಒಳಗೆ ತುರುಕಿದಳು.

ಹಿರಿಯರು ಒಂದೊಂದೇ ಓದುತ್ತ ಬಂದು ಕೊನೆಯದರ ಮುಂದೆ ನಿಂತರು. “ಇದಕ್ಕೆ ಹೆಸರೇ ಇಲ್ವಲ್ಲ! ಯಾರದ್ದಪ್ಪಾ ಇದು?”

ಸಾಂಗ್ ಸಿಪ್ಪೆ ಉಗುಳಿ ಎದ್ದು ಬಂದ. “ಹೆಸರು ಹಾಕ್ದೆ ಹೂವು ತರೋ ಪುಣ್ಯಾತ್ಮರು ಯಾರು? ಏನಮ್ಮಾ, ನಿನ್ನನ್ನ ಈ ಕಡೆ ನೋಡಿಲ್ಲ. ನೀನಾ?”

ದಿಯೆಪ್ ಒಂದು ಹೆಜ್ಜೆ ಹಿಂದೆ ಸರಿದಳು.

“ಅದು ನಮ್ಮ ಓಣೀದು ಕಣಪ್ಪ,” ಎಂದಿತು ಒಂದು ಮುದಿ ದನಿ. ಪಕ್ಕದ ಮನೆಯ ಆರನೇ ಅಜ್ಜಿ. ಅಪ್ಪನಿಗೆ ಆರನೆಯವಳಾಗಿ ಹುಟ್ಟಿದ್ದಕ್ಕೆ ಎಂಬತ್ತಾದರೂ ಅದೇ ಹೆಸರು. “ಆ ಹುಡುಗಿ ಅಂಗಡಿಯಿಂದ ತಂದುಕೊಟ್ಲು, ಅಷ್ಟೆ.”

“ಓಣೀದು ಆಗ್ಲೇ ಓದಿದ್ರಲ್ಲ, ಅಜ್ಜಿ?”

ಆಗ ಹಿಂದಿನ ಕುರ್ಚಿಯಿಂದ ಹುಂಗ್ ಮೇಷ್ಟ್ರು ಎದ್ದರು, ಸೊಟ್ಟಗೆ ಕೂಡಿಕೊಂಡ ಬಲಗೈಯನ್ನು ಎಡಗೈಯಲ್ಲಿ ಹಿಡಿದು.

“ಅದು ಈ ಸಾಲಿನ ಮನೆಗಳದ್ದು. ಇದು ನದಿ ಕಡೆ ಸಾಲಿನವರದ್ದು.”

ನದಿ ಕಡೆಯ ಸಾಲು ನೀರಿಗೆ ಬಿದ್ದು ಎರಡು ವರ್ಷವಾಗಿತ್ತು. ಹನ್ನೊಂದು ಮನೆ.

“ನಾನೂ ಸೇರಿದೀನಿ,” ಎಂದ ಕ್ಷೌರಿಕ. “ನಮ್ಮನೇದೂ ಇದೆ,” ಎಂದಳು ಸೊಪ್ಪಿನವಳು. ಸಾಂಗ್‌ನ ದವಡೆ ಬೀಜದ ಮೇಲೆ ನಿಂತಿತು. ಹಿರಿಯರು ಕೆಮ್ಮಿ, ಮೈಕಿನಲ್ಲಿ ಓದಿಯೇಬಿಟ್ಟರು: “ನದಿ ಕಡೆ ಸಾಲಿನ ಮನೆಗಳಿಂದ.”

ದೋಣಿ ಹತ್ತುವಾಗ ಅಜ್ಜಿ ಲುವಾಳ ಕಿವಿಯ ಹತ್ತಿರ ಬಂದಳು. “ನನ್ನ ನೀರಿನ ಜಾಡಿ ಹಿಂದುಗಡೆ ಸೀಳಿದೆ ಅಂತ ನಿನ್ನ ಗಂಡ ಬರ್ದಿದ್ದ. ಮೊಮ್ಮಗಳು ಓದಿ ಹೇಳಿದ್ಲು. ಆ ಸೀಳು ಮೀಟರ್ ನೋಡೋಕೆ ಬಗ್ಗಿದೋನಿಗಲ್ದೆ ಇನ್ಯಾರಿಗೆ ಕಾಣತ್ತೆ?”

ಹಾಗಾದರೆ ಎಲ್ಲರಿಗೂ ಗೊತ್ತಿತ್ತು! ಲುವಾಳಿಗೆ ಅಳುವೂ ಬಂತು, ಭಯವೂ ಹೆಚ್ಚಿತು. ಇಷ್ಟೊಂದು ಬಾಯಿಗಳು.

ನಡುಹೊಳೆಯಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಸಾಂಗ್ ಪೆಟ್ಟಿಗೆಯ ಪಕ್ಕ ನಿಂತು, ತೀರಾ ಆತ್ಮೀಯನ ಹಾಗೆ ಮಾತಾಡಿದ.

“ಅಕ್ಕ, ಆ ಬ್ಲಾಗಿನೋನು ಮೂರು ವಾರದಿಂದ ಸುಮ್ನಾಗಿದಾನೆ. ನಿಮ್ಮೋರು ಆಸ್ಪತ್ರೆ ಸೇರಿದ್ದೂ ಮೂರು ವಾರದ ಹಿಂದೆ ಅಲ್ವಾ? ಸುಮ್ನೆ ಕೇಳ್ದೆ. ಇನ್ನೂ ಒಂದು ವಾರ ನೋಡ್ತೀನಿ, ಅವನು ಬರೀತಾನೋ ಇಲ್ವೋ ಅಂತ.”

ಅವನು ದೋಣಿಯ ಮೂತಿಯ ಕಡೆಗೆ ಹೋದ. ಲುವಾಳ ಹಣೆ ಬೆವರಿತು. ಮೂಗಿನ ಮೇಲೆ ಒಂದು ಹನಿ ಇಳಿಯಿತು, ನೇರಳೆ ಬಣ್ಣದ್ದು. ಒಳಗೆ ತುರುಕಿದ್ದ ಪಟ್ಟಿಯ ಅಕ್ಷರಗಳು ಕರಗಿ ಬಿಳಿ ಬಟ್ಟೆಗೆ ಹತ್ತುತ್ತಿದ್ದವು.

ಅಜ್ಜಿ ತನ್ನ ಓಲೆಯ ಟೋಪಿ ತೆಗೆದು ಲುವಾಳ ತಲೆಗಿಟ್ಟು, ಹುಬ್ಬಿನವರೆಗೆ ಎಳೆದು, ಗಲ್ಲಕ್ಕೆ ದಾರ ಬಿಗಿದಳು. “ಬಿಸಿಲು ಕಣೇ,” ಎಂದಳು ಗಟ್ಟಿಯಾಗಿ.

ಟೋಪಿಯ ಅಗಲವಾದ ನೆರಳಿನಲ್ಲಿ ತಲೆ ಬಗ್ಗಿಸಿ ಲುವಾ ಸೊಂಟದ ಚೀಲಕ್ಕೆ ಕೈ ಹಾಕಿದಳು. ಬೆರಳು ಎರಡು ಸಲ ತಪ್ಪಿತು. ಈ ವಾರ ದಂಡೆ ಇನ್ನೂ ಒಂದು ಮೊಳ ಕುಸಿದಿದೆ ಎಂದು ಬರೆದಳು. ಗಂಡ ತೋರಿಸಿದ್ದ ಜಾಗದಲ್ಲಿ ಒತ್ತಿದಳು.

ಮೂತಿಯಲ್ಲಿ ಟಿಣ್ ಎಂದಿತು.

ಸಾಂಗ್ ಫೋನು ತೆಗೆದು ಓದಿದ. ಪೆಟ್ಟಿಗೆಯನ್ನು ನೋಡಿದ. ಇನ್ನೊಮ್ಮೆ ಓದಿದ. ಆಮೇಲೆ ತಲೆಯೆತ್ತಿ, ಎರಡೂ ದಂಡೆಯ ಮನೆಗಳನ್ನು, ಒಂದಾದ ಮೇಲೆ ಒಂದರಂತೆ, ಕಿಟಕಿ ಕಿಟಕಿಯನ್ನೂ ನೋಡತೊಡಗಿದ.