ಸುರೇಂದ್ರನ ವೇಗ ಸೊನ್ನೆ

೧
ಎಲ್ಲಿಂದ ಶುರು ಮಾಡಲಿ? ನಕ್ಷತ್ರದಿಂದ ಹೊರಟರೆ ನಿಮಗೆ ಆಕಳಿಕೆ, ಗಂಡ ಹೆಂಡಿರ ಮುನಿಸಿನಿಂದ ಹೊರಟರೆ ನನಗೆ. ಎರಡನ್ನೂ ಕಲಸುತ್ತೇನೆ, ಸಹಿಸಿಕೊಳ್ಳಿ.

ಯಸಳೂರಿನ ಹತ್ತಿರದ ಎಸ್ಟೇಟಿನಲ್ಲಿ ನಯನಾ ಲ್ಯಾಪ್‌ಟಾಪ್ ತೆರೆದು, ದೂರದರ್ಶಕ ಸೆರೆಹಿಡಿದ ನಕ್ಷತ್ರಗಳ ಬೆಳಕು ನೋಡುತ್ತಿದ್ದಾಳೆ. ಅದೇ ಅವಳ ಕೆಲಸ. ಬೆಳಕನ್ನು ಬಣ್ಣಗಳಾಗಿ ಬಿಡಿಸಿದರೆ ನಡುವೆ ಕಪ್ಪು ಗೆರೆಗಳು ಕಾಣುತ್ತವೆ. ಗೆರೆ ನೀಲಿಯತ್ತ ಸರಿದರೆ ನಕ್ಷತ್ರ ಹತ್ತಿರ ಬರುತ್ತಿದೆ, ಕೆಂಪಿನತ್ತ ಸರಿದರೆ ದೂರ ಹೋಗುತ್ತಿದೆ. ಎಷ್ಟು ಸರಿದಿದೆಯೆಂದು ಅಳೆದರೆ ವೇಗ ಸಿಗುತ್ತದೆ. (ವಿಜ್ಞಾನ ಇಷ್ಟೇ. ಉಸಿರು ಬಿಡಿ.)

೨
ಅವಳ ಗಂಡ ಸುರೇಂದ್ರನಿಗೆ ಮಾತು ಕಡಿಮೆ. ಮದುವೆಯಾದಾಗಿನಿಂದ ಹತ್ತಿರವೂ ಬರಲಿಲ್ಲ, ದೂರವೂ ಹೋಗಲಿಲ್ಲ. ವೇಗ ಸೊನ್ನೆ, ಆದ್ದರಿಂದ ಪ್ರೀತಿಯೂ ಸೊನ್ನೆ ಎಂದು ನಯನಾ ತೀರ್ಮಾನಿಸಿದ್ದಾಳೆ. ಇವತ್ತು ಸಂಜೆ ಸಕಲೇಶಪುರದ ಬಸ್ಸು ಹತ್ತಿ ಅವನನ್ನು ಬಿಟ್ಟು ಹೋಗುತ್ತಾಳೆ.

ಮಂಜು, ಬಸ್ಸು, ಕಣ್ಣೀರು. ಚೆನ್ನಾಗಿದೆಯಲ್ಲ? ಬರೆದೇಬಿಟ್ಟೆ.

"ಅಳಿಸ್ರೀ ಅದನ್ನ," ಅಂದಳು ನಯನಾ. "ಅವ್ರು ಈಗ ಎಲ್ಲವ್ರೆ ಅಂತನಾದ್ರೂ ನೋಡಿದ್ರಾ?"

ನೋಡಿರಲಿಲ್ಲ. ಕಥೆಯೊಳಗೆ ಇಳಿದೆ. ಮಂಜಿನಲ್ಲಿ ಸುರೇಂದ್ರ ಕತ್ತಿ ಹಿಡಿದು, ಮನೆಯ ಸುತ್ತಲಿನ ಸೋಲಾರ್ ಬೇಲಿಗೆ ತಾಗಿದ ಬಳ್ಳಿಗಳನ್ನು ಸವರುತ್ತಾ ನಡೆಯುತ್ತಿದ್ದ.

"ದಿನಾ ಸುತ್ತುತ್ತೀಯೇನಪ್ಪ?"

"ಹೂಂ ಕಣ್ರೀ. ಬಳ್ಳಿ ತಾಗುದ್ರೆ ತಂತೀಲಿ ಕರೆಂಟಿರಲ್ಲ. ಅವ್ಳು ಕಿಟಕಿ ತೆಗ್ದು ಕೂತಿರ್ತಾಳೆ, ಆನೆ ಬಂದ್ಬುಟ್ರೆ?"

"ಅವಳಿಗೆ ಹೇಳಬಾರದೇ?"

"ಇದ್ರಾಗೆ ಹೇಳದೇನೈತೆ ಮಾರಾಯ್ರೆ!"

೩
ಓಡಿ ಬಂದು ನಯನಾಗೆ ಹೇಳಿದೆ. ಅವಳು ಲ್ಯಾಪ್‌ಟಾಪ್ ಮುಚ್ಚಿದಳು.

"ಗೆರೆ ಹೇಳೋದು ಹತ್ರ ಬರೋದು, ದೂರ ಹೋಗೋದು, ಅಷ್ಟೇ ಕಣ್ರೀ. ನಮ್ಮ ಸುತ್ತಾನೇ ತಿರುಗ್ತಿದ್ರೆ ಸೊನ್ನೆ ಬರ್ತದೆ. ನಾನೇ ಮರ್ತ್ಬುಟ್ಟೆ." ಅವಳಿಗೆ ಅಳು ಬಂತು. ನನಗೂ ಬಂತು, ಬರೆಯುವವನಿಗೆ ಶೋಭೆಯಲ್ಲದಿದ್ದರೂ.

೪
ಒಂದು ಅಂತ್ಯ: ಓಡಿಹೋಗಿ ಅಪ್ಪಿಕೊಳ್ಳುತ್ತಾಳೆ. (ಸಿನಿಮಾ. ಹರಿದು ಹಾಕಿದೆ.) ಇನ್ನೊಂದು: ಆದರೂ ಹೊರಡುತ್ತಾಳೆ, ಬೇಲಿ ಕಾಯುವವನಾದರೂ ಒಂದು ಮಾತಾಡಬೇಕಲ್ಲವೇ? ಅದೂ ನ್ಯಾಯವೇ.

"ನೀವು ಸುಮ್ಕಿರಿ," ಎಂದು ಚಪ್ಪಲಿ ಮೆಟ್ಟಿ ಮಂಜಿಗಿಳಿದಳು.

ಬೇಲಿಯ ಗುಂಟ ಈಗ ಇಬ್ಬರು ನಡೆಯುತ್ತಿದ್ದಾರೆ. ಮಾತೋ ಜಗಳವೋ, ಮೆಟ್ಟಿಲ ಮೇಲೆ ಕೂತ ನನಗೆ ಕೇಳಿಸುತ್ತಿಲ್ಲ. ಮನೆಯ ಹಿಂದಕ್ಕೆ ತಿರುಗಿ ಮರೆಯಾದರು. ರಸ್ತೆಯಲ್ಲಿ ಬಸ್ಸು ಹಾರನ್ ಹೊಡೆಯಿತು. ಮನೆಯ ಇನ್ನೊಂದು ಕಡೆಯಿಂದ ಒಬ್ಬನೇ ಬರುತ್ತಾನೋ, ಇಬ್ಬರೂ ಬರುತ್ತಾರೋ ನಾನು ಬರೆಯುವುದಿಲ್ಲ. ಇಬ್ಬರೂ ಬರಲಿ ಎಂದು ಕಾಯುತ್ತಿದ್ದೇನೆ.