ದೊರೆ ಕೇಳಿದ ಪ್ರಶ್ನೆ

"ಇನ್ನೊಂದು ದಿಮ್ಮಿ ಮೇಲೆ ಕೊಡ್ರೋ! ಸೌದೆಯೆಲ್ಲ ಹಸಿ," ಎಂದು ತಾಂಡಿನ್ ಚಿತೆಯ ಪಕ್ಕದಿಂದ ಕೂಗಿದ.

"ನಮ್ಮ ಲೋಪೆನ್‌ಗೆ ಬದುಕಿದ್ದಾಗ್ಲೂ ಬೇಗ ಬಿಸಿ ಏರ್ತಿರ್ಲಿಲ್ಲ ಬಿಡು," ಎಂದಳು ಪಕ್ಕದ ಮನೆಯ ಮುದುಕಿ. "ಎಂಥ ಕತ್ತೆಗೂ ಬೈಯದೆ ಅಕ್ಷರ ಕಲಿಸಿದ್ರು. ನಿನಗೂ ಕಲಿಸಿದ್ರಲ್ಲ!"

ಸುತ್ತಲಿದ್ದವರು ನಕ್ಕರು. ಊರವರು ಲೋಪೆನ್, ಅಂದರೆ ಗುರು, ಎಂದು ಕರೆಯುತ್ತಿದ್ದ ಜಾಂಬೆ ಮೇಷ್ಟ್ರ ದೇಹ ಪದ್ಧತಿಯಂತೆ ಮೊಣಕಾಲು ಮಡಿಸಿಕೊಂಡು ಬಿಳಿ ಬಟ್ಟೆಯೊಳಗೆ ಕೂತಿತ್ತು. ದಹನಕ್ಕೆ ಜೋಯಿಸರು ಗುಣಿಸಿ ಕೊಟ್ಟ ದಿನ ಇವತ್ತು. ಹೆಂಡತಿ ಯಾಂಗ್ಚೆನ್ ಬೆಣ್ಣೆದೀಪಗಳಿಗೆ ಬತ್ತಿ ಹೊಸೆಯುತ್ತಿದ್ದಳು. ಅತ್ತರೆ ಸತ್ತವರ ದಾರಿಗೆ ಅಡ್ಡ ಎನ್ನುತ್ತಾರೆ. ಅವಳಿಗೆ ಅಳುವೇ ಬಂದಿರಲಿಲ್ಲ ಎಂಬುದು ಬೇರೆ ಮಾತು.

ರಾಜಧಾನಿ ಥಿಂಪುವಿನಿಂದ ದಾಶೋ ರಬ್ಟೆನ್ ಬಂದಾಗ ಎಲ್ಲರೂ ಸೊಂಟ ಬಗ್ಗಿಸಿ ನೆಲ ನೋಡಿದರು. ಅರಮನೆಯಲ್ಲಿ ಕೆಂಪು ಶಲ್ಯ ಹೊದಿಸಿ ದಾಶೋ ಎಂಬ ಬಿರುದು ಕೊಟ್ಟ ದೊಡ್ಡ ಮನುಷ್ಯ, ಮೇಷ್ಟ್ರ ಜೊತೆ ಕಾಲೇಜು ಓದಿದವರು. ಗೌರವ ಕಡಿಮೆಯಾಗದಿರಲೆಂದು ಶಾಲೆಯ ಕುರ್ಚಿ ತಂದು ಚಿತೆಯ ತೀರ ಹತ್ತಿರ ಹಾಕಿದರು.

"ದೊರೆಗೆ ಕೊಟ್ಟ ಮಾತು ಉಳಿಸ್ಕೊಂಡ ಗಂಡಸು ಅಂದ್ರೆ ಇವರೇ ನೋಡಿ ದಾಶೋ," ಎಂದ ತಾಂಡಿನ್.

ದಾಶೋ ತಲೆಯಾಡಿಸಿದರು. ಯಾಂಗ್ಚೆನ್ ಬತ್ತಿ ಹೊಸೆಯುವುದನ್ನು ನಿಲ್ಲಿಸಿದಳು.

*

ಎಷ್ಟೋ ವರ್ಷಗಳ ಹಿಂದೆ, ಜಾಂಬೆ ಓದುತ್ತಿದ್ದ ಕಾಲೇಜಿಗೆ ದೊರೆ ಬರುತ್ತಾರೆಂದು ಹುಡುಗರು ಹಿಂದಿನ ದಿನವೆಲ್ಲ ಮೈದಾನದ ಕಲ್ಲು ಆರಿಸಿದ್ದರು. ದೊರೆಯೆಂದರೆ ಅವರಿಗೆ ಪ್ರಾಣ. ಆದರೆ ಎದುರು ಬಂದಾಗ ತಲೆಯೆತ್ತಿ ಮುಖ ನೋಡುವುದುಂಟೆ? ನೀವು ಓದಿದ್ದು ಬೆಟ್ಟದಾಚೆಯ ಮಕ್ಕಳಿಗೆ ಸಿಗದಿದ್ದರೆ ಈ ಓದು ಯಾರಿಗಾಗಿ ಎಂದರು ದೊರೆ. ತಗ್ಗಿದ ತಲೆಗಳ ಕೆಳಗೆ ಎದೆಗಳು ಉಬ್ಬಿದವು. ಆಮೇಲೆ ಸಾಲಿನ ಉದ್ದಕ್ಕೂ ನಡೆದು ಬಂದು ಜಾಂಬೆ, ರಬ್ಟೆನ್ ಅಕ್ಕಪಕ್ಕ ನಿಂತಿದ್ದ ಕಡೆ ನಿಂತರು.

"ನೀನು ಹೋಗ್ತೀಯಾ, ರಸ್ತೆ ಮುಗಿಯೋ ಕಡೆ?"

ದೊರೆಯ ಪ್ರಶ್ನೆ ಗಾಳಿಯಲ್ಲೇ ನಿಂತಿತು. ಕೊನೆಗೆ ಜಾಂಬೆಯೇ ಬಾಯಿ ಬಿಟ್ಟ. "ಹೋಗ್ತೀನಿ, ಪ್ರಭು."

ಪರದೇಶದಲ್ಲಿ ಎಂಜಿನಿಯರಿಂಗ್ ಓದಲು ಅವನಿಗೆ ಕರೆ ಬಂದಾಗಿತ್ತು. ದೊರೆಯೆದುರು ಆಡಿದ ಮಾತನ್ನು ವಾಪಸ್ಸು ತೆಗೆದುಕೊಳ್ಳುವುದು ಹೇಗೆ? ಆ ಜಾಗಕ್ಕೆ ರಬ್ಟೆನ್ ಹೋದ. ಜಾಂಬೆ, ರಸ್ತೆ ಮುಗಿದ ಮೇಲೂ ಒಂದು ಹಗಲು ಹತ್ತಬೇಕಾದ ಈ ಊರಿಗೆ ಬಂದ. ಇಲ್ಲೇ ಮದುವೆಯಾದ. ಮಗಳು ಚಿಮಿಗೆ ಜ್ವರ ನೆತ್ತಿಗೇರಿದಾಗ ಬೆನ್ನಿಗೆ ಕಟ್ಟಿಕೊಂಡು ಬೆಟ್ಟ ಇಳಿದ. ರಸ್ತೆ ಕಾಣುವ ಮೊದಲೇ ಮಗು ತಣ್ಣಗಾಯಿತು. ಬೇರೆ ಹೆಂಗಸಾಗಿದ್ದರೆ ಗಂಡನನ್ನು ಪಟ್ಟಣಕ್ಕೆ ಎಳೆದುಕೊಂಡು ಹೋಗುತ್ತಿದ್ದಳು. ಯಾಂಗ್ಚೆನ್ ಮಾತ್ರ, ದೊರೆಗೆ ಕೊಟ್ಟ ಮಾತಲ್ಲವೇ ಎಂದು ಅದನ್ನೂ ನುಂಗಿಕೊಂಡಳು.

*

ಅವಳು ಬೆಣ್ಣೆಚಹಾ ತಂದುಕೊಟ್ಟಾಗ ದಾಶೋ ದನಿ ತಗ್ಗಿಸಿದರು.

"ಅಕ್ಕಾ, ಅವತ್ತು ದೊರೆ ಕೇಳಿದ್ದು ಪಕ್ಕದಲ್ಲಿದ್ದ ನನ್ನನ್ನ. ಜಾಂಬೆ ತನ್ನನ್ನೇ ಕೇಳಿದ್ರು ಅಂತ ತಪ್ಪು ತಿಳ್ಕೊಂಡ. ನಾನು ಬಾಯಿ ಮುಚ್ಕೊಂಡಿದ್ದೆ."

"ತಪ್ಪೇನೂ ತಿಳ್ಕೊಂಡಿರ್ಲಿಲ್ಲ," ಎಂದಳು ಯಾಂಗ್ಚೆನ್. "ದೊರೆಯ ಬೂಟು ನಿಮ್ಮ ಕಡೆ ತಿರುಗಿದ್ದು ಅವರಿಗೆ ಕಂಡಿತ್ತು. ನಿಮ್ಮ ಕಾಲು ನಡುಗ್ತಿತ್ತಂತೆ. ಪಾಪ, ಇವ್ನು ಬಿದ್ದೇ ಬಿಡ್ತಾನೆ ಅಂತ ಅವರೇ ಹೋಗ್ತೀನಿ ಅಂದ್ಬಿಟ್ರಂತೆ. ಹೋದ ವಾರ, ಹಾಸಿಗೆಯಲ್ಲಿ ಮಲಗಿದ್ದಾಗ ಹೇಳಿದ್ರು. ನಗ್ತಾ ಹೇಳಿದ್ರು."

ದಾಶೋ ಬಟ್ಟಲನ್ನು ನೆಲಕ್ಕಿಟ್ಟರು.

"ಮಗು ಹೋಗಿದ್ದು ದೊರೆಗೆ ಕೊಟ್ಟ ಮಾತಿಗೆ ಅಂತ ಸಮಾಧಾನ ಮಾಡ್ಕೊಂಡಿದ್ದೆ," ಎಂದಳು. "ನೋಡಿದ್ರೆ ನಿಮ್ಮ ನಡುಕಕ್ಕಂತೆ."

"ಕ್ಷಮಿಸಿದೀನಿ ಅಂದ್ಬಿಡಕ್ಕಾ. ಒಂದೇ ಒಂದು ಮಾತು."

"ಅವತ್ತು ನೀವು ಆಡಬೇಕಿದ್ದದ್ದೂ ಒಂದೇ ಮಾತು, ದಾಶೋ."

ಲಾಮಾ ಗಂಟೆ ಬಾರಿಸಿದರು. ತಾಂಡಿನ್ ಬೆಂಕಿ ಇಟ್ಟ. ಹಸಿ ಸೌದೆ ಹೊಗೆ ಕಾರಿ ಕಾರಿ, ಕೊನೆಗೆ ಒಮ್ಮೆಲೇ ಹತ್ತಿಕೊಂಡಿತು. ಝಳ ತಡೆಯಲಾರದೆ ಜನ ಹಿಂದಕ್ಕೆ ಸರಿದರು. ದಾಶೋ ಕೂತಿರುವಾಗ ಕುರ್ಚಿ ಮುಟ್ಟುವಂತಿಲ್ಲ, ಏಳಿ ಎನ್ನುವಂತೆಯೂ ಇಲ್ಲ. ಅವರು ಉತ್ತರಕ್ಕೆ ಕಾಯುತ್ತ ಕೂತೇ ಇದ್ದರು. ಕೆಂಪು ಶಲ್ಯದ ಅಂಚು ಮುದುಡತೊಡಗಿತು. ಊರಿಗೆ ಊರೇ ತಲೆ ತಗ್ಗಿಸಿ ನಿಂತಿರುವಾಗ, ಆ ಝಳದಲ್ಲಿ ಒಂದು ಹೆಜ್ಜೆಯೂ ಸರಿಯದೆ, ಯಾಂಗ್ಚೆನ್ ದಾಶೋ ಮುಖವನ್ನೇ ನೆಟ್ಟಗೆ ನೋಡುತ್ತಿದ್ದಳು.